ಹೂಡು ಎಂಬ ಧಾತು, ಹೂಡಿಕೆ ಎಂಬ ಖಾತೆ

ಕನ್ನಡದಲ್ಲಿ ಏನನ್ನೆಲ್ಲ ಹೂಡಬಹುದು ಎಂದು ಪಟ್ಟಿ ಮಾಡಲು ಕೂತರೆ ಕಾಗದ ಸಾಲದು. ರೈತ ಎತ್ತು ಹೂಡುತ್ತಾನೆ, ನೇಗಿಲು ಹೂಡುತ್ತಾನೆ, ಗಾಡಿ ಹೂಡುತ್ತಾನೆ. ಬಿಲ್ಲಾಳು ಬಾಣ ಹೂಡುತ್ತಾನೆ. ಊರೂರು ತಿರುಗುವವರು ಬಯಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ, ಮರದಡಿ ಬಿಡಾರ ಹೂಡುತ್ತಾರೆ. ದಂಡು ಪಾಳೆಯ ಹೂಡುತ್ತದೆ. ಹೊಸದಾಗಿ ಮದುವೆಯಾದವರು ಸಂಸಾರ ಹೂಡುತ್ತಾರೆ. ಪಾಲಿಗಾಗಿ ಅಣ್ಣತಮ್ಮಂದಿರು ದಾವೆ ಹೂಡುತ್ತಾರೆ. ಕಾರ್ಮಿಕರು ಮುಷ್ಕರ ಹೂಡುತ್ತಾರೆ. ಹಗೆಗಳು ಸಂಚು ಹೂಡುತ್ತಾರೆ. ಮಕ್ಕಳು ಆಟ ಹೂಡುತ್ತಾರೆ, ಬೇಕಾದಾಗ ಹಟವನ್ನೂ ಹೂಡುತ್ತಾರೆ. ಈ ಉದ್ದದ ಸಾಲಿನ ತುದಿಗೆ ಈಚೆಗೆ ಬಂದು ನಿಂತದ್ದು ಹಣ. ಬಂಡವಾಳ ಹೂಡು ಎಂದು ಎರಡು ಪದಗಳಲ್ಲಿ ಹೇಳುತ್ತಿದ್ದದ್ದು ಮುಂದಿನ ಪದವನ್ನು ಮೆಲ್ಲಗೆ ಕಳಚಿಕೊಂಡು, ಇಂದು ಬರಿಯ ‘ಹೂಡಿಕೆ’ ಎಂದರೆ ಸಾಕು, ಹಣದ್ದೇ ಇರಬೇಕು ಎಂದು ಕೇಳಿದವರು ತಿಳಿದುಕೊಳ್ಳುತ್ತಾರೆ. ಮೊದಲ ಸಂಬಳ ಕೈಗೆ ಬಂದವರು ‘ತೆರಿಗೆ ಇಲ್ಲದ ಹೂಡಿಕೆ ಯಾವುದು, ಯಾವ ಖಾತೆ ತೆರೆಯಲಿ’ ಎಂದು ಕೇಳುವಾಗ ಆ ಪ್ರಶ್ನೆಯೊಳಗೊಂದು ಹಳೆಯ ನೊಗ ಇರುವುದು ಅವರಿಗೆ ಹೊಳೆಯದಿರಬಹುದು. ಬೇರು ಕೆದಕುವ ಚಟವಿರುವ ನಮಗೆ ಹೊಳೆಯದೆ ಹೋಗಬಾರದು. ಅವರಿಗೆ ಕೊಡಬೇಕಾದ ಉತ್ತರದ ದೊಡ್ಡ ಪಾಲು ಆ ನೊಗದಲ್ಲೇ ಇದೆ.

ಇಷ್ಟೊಂದು ಬಗೆಯ ಹೂಡುವಿಕೆಗಳಿಗೆ ಸಮಾನವಾದದ್ದು ಏನು? ಇಡು, ಹಾಕು, ಕಟ್ಟು, ತೊಡಗು ಎಂಬ ನಾಲ್ಕೂ ಕ್ರಿಯಾಪದಗಳ ಗಡಿಯಲ್ಲಿ ಹೂಡು ಓಡಾಡುತ್ತದೆ, ಆದರೆ ಯಾವುದರೊಳಗೂ ಪೂರ್ತಿ ಅಡಗುವುದಿಲ್ಲ. ಬಾಣ ಹೂಡಿದ ಎಂದರೆ ಬಾಣ ಬಿಟ್ಟ ಎಂದಾಗುವುದಿಲ್ಲ. ಹೆದೆಗೂ ಬಾಣಕ್ಕೂ ಸಂಬಂಧ ಕೂಡಿಸಿದ ಎಂದಷ್ಟೇ. ದಾವೆ ಹೂಡಿದರೆ ತೀರ್ಪು ಬಂದಂತಲ್ಲ, ಒಲೆ ಹೂಡಿದರೆ ಅನ್ನ ಬೆಂದಂತಲ್ಲ. ಎರಡನ್ನು ಒಂದಕ್ಕೊಂದು ಕೂಡಿಸಿ ಕೆಲಸಕ್ಕೆ ಅಣಿಮಾಡುವುದು, ಫಲ ಇನ್ನೂ ದೂರವಿರುವಾಗ ಮೊದಲ ಗಂಟು ಹಾಕುವುದು ಈ ಧಾತುವಿನ ನೆಲೆ. ಹೂಡುವುದು ಯಾವಾಗಲೂ ಆರಂಭದ ಕ್ರಿಯೆ. ಅದರ ಮುಕ್ತಾಯಕ್ಕೆ ಬೇರೆಯೇ ಕ್ರಿಯಾಪದ ಬೇಕು. ಹೊಲದ ಮಾತಿನಲ್ಲಿ ಆ ಜೊತೆಗಾರ ಪದ ‘ಬಿಡು’. ಆರು, ಅಂದರೆ ಎತ್ತು ಕಟ್ಟಿದ ನೇಗಿಲು, ಹೂಡುವ ಹೊತ್ತು, ಆರು ಬಿಡುವ ಹೊತ್ತು ಎಂದು ಹಳೆಯ ಮೈಸೂರು ಸೀಮೆಯ ಒಕ್ಕಲು ದಿನವನ್ನೇ ಈ ಎರಡು ಕ್ರಿಯಾಪದಗಳ ನಡುವೆ ಹಂಚಿತ್ತು. ಬಾಣವನ್ನೂ ಹೂಡುತ್ತಾರೆ, ಬಿಡುತ್ತಾರೆ. ಬಿಡಾರವನ್ನೂ ಹೂಡುತ್ತಾರೆ, ಬಿಡುತ್ತಾರೆ.

ಹಕಾರವನ್ನು ಸರಿಸಿ ಒಳಗೆ ನೋಡೋಣ. ಹಾಲು ಹಿಂದೆ ಪಾಲ್ ಆಗಿದ್ದಂತೆ, ಹುಲಿ ಪುಲಿಯಾಗಿದ್ದಂತೆ, ಹೂಡು ಪೂಡು ಆಗಿತ್ತು. 10ನೆಯ ಶತಮಾನದ ಪಂಪನಲ್ಲಿ ಪಕಾರವೇ. ಹರಿಹರನ ಕಾಲಕ್ಕೆ ಪಕಾರ ಹಕಾರಗಳು ಒಂದೇ ಮನೆಯಲ್ಲಿ ಬೆರೆತು ಬಾಳತೊಡಗಿ, ಕುಮಾರವ್ಯಾಸನಿಗೆ ಬರುವಷ್ಟರಲ್ಲಿ ಹಕಾರ ಯಜಮಾನಿಕೆಯನ್ನು ಹಿಡಿದಿರುತ್ತದೆ. ಈ ಪೂಡುವಿನ ಬೆನ್ನಿಗೆ ಇನ್ನೊಂದು ಹಳಗನ್ನಡ ಧಾತು ನಿಂತಿದೆ: ಪೂಣ್. ಅದರರ್ಥ ಪ್ರತಿಜ್ಞೆ ಮಾಡು, ಮೈಮೇಲೆ ಹೊತ್ತುಕೊಳ್ಳು, ಕೈಗೊಳ್ಳು. ಪೂಣ್ದು ನಿಂತವನು ಶಪಥ ತೊಟ್ಟವನು. ಪೂಣ್ಕೆ ಅವನ ಶಪಥ. ಪೂಣ್ ಮತ್ತು ಪೂಡು ಒಂದೇ ಕುಲದವು ಎಂಬುದಕ್ಕೆ ಸಾಕ್ಷಿ ಬೇಕಾದರೆ ಊಟದ ಎಲೆಯನ್ನೇ ನೋಡಬಹುದು. ಉಣ್ ಎಂಬುದು ತಾನು ಉಣ್ಣುವ ಧಾತು; ಅದರ ಪ್ರೇರಣಾರೂಪ ಊಡು, ಇನ್ನೊಬ್ಬರಿಗೆ ಉಣಿಸುವುದು, ಮೊಲೆಯೂಡುವ ತಾಯಿಯಲ್ಲಿರುವ ಊಡು; ಅದರಿಂದ ನಾಮಪದ ಊಟ. ಅದೇ ಅಚ್ಚಿನಲ್ಲಿ ಪೂಣ್ ಎಂದರೆ ತಾನು ಕಟ್ಟುಬೀಳು, ಪೂಡು ಎಂದರೆ ಇನ್ನೊಂದನ್ನು ಕಟ್ಟಿಗೆ ಒಳಪಡಿಸು, ಅದರಿಂದ ನಾಮಪದ ಹೂಟ. ಆಡು–ಆಟ, ಓಡು–ಓಟ, ಕೂಡು–ಕೂಟ ಎಂಬ ಸಾಲಿನಲ್ಲೇ ಈ ಹೂಟವೂ ಕೂತಿದೆ. ಹೂಟ ಎಂದರೆ ತಂತ್ರ, ಸಂಚು, ಮುಂದಾಲೋಚನೆ ಎಂಬ ಅರ್ಥ ಬಂದು, ಹೂಟೆ ಎಂದರೆ ಉಳುಮೆ ಎಂಬ ಅರ್ಥ ಮಲೆನಾಡು, ಕರಾವಳಿಗಳ ಮಾತಿನಲ್ಲಿ ಉಳಿದುಕೊಂಡಿತು. ನಂಬಿಕೆ, ಬೇಡಿಕೆಗಳ ‘ಇಕೆ’ ಹತ್ತಿಸಿಕೊಂಡ ಹೂಡಿಕೆ ಇವರೆಲ್ಲರ ಕಿರಿಯ ತಂಗಿ.

ನೆರೆಮನೆಗಳಿಗೆ ಹೋದರೆ ಸ್ವಾರಸ್ಯ ಇನ್ನೂ ಹೆಚ್ಚು. ತಮಿಳಿನಲ್ಲಿ ಪೂಣ್ ಎಂದರೆ ತೊಡು, ಧರಿಸು, ನಾಮಪದವಾದಾಗ ಒಡವೆ. ಅದರ ಪ್ರೇರಣಾರೂಪ ಪೂಟ್ಟು ಎಂದರೆ ನೊಗಕ್ಕೆ ಕಟ್ಟು, ಬಿಗಿ, ಬೀಗ ಹಾಕು. ಇಂದಿನ ತಮಿಳಿನಲ್ಲಿ ಮನೆಬಾಗಿಲಿಗೆ ಹಾಕುವ ಬೀಗವೇ ಪೂಟ್ಟು. ಮಲಯಾಳದಲ್ಲೂ ಪೂಟ್ಟುಗ ಎಂದರೆ ಬೀಗ ಹಾಕುವುದೂ ಹೌದು, ಎತ್ತು ಕಟ್ಟಿ ಉಳುವುದೂ ಹೌದು. ಕೆಸರುಗದ್ದೆಯಲ್ಲಿ ಎತ್ತುಗಳನ್ನು ಓಡಿಸುವ ಪಂದ್ಯಕ್ಕೆ ಅಲ್ಲಿ ಕಾಳಪೂಟ್ಟು ಎಂದೇ ಹೆಸರು. ತೆಲುಗಿನ ಪೂನು, ಪೂನುಕೊನು ನಮ್ಮ ಪೂಣ್‌ನಂತೆ ಕೈಗೊಳ್ಳುವುದರ ಕಡೆಗೆ, ಸಂಕಲ್ಪದ ಕಡೆಗೆ ವಾಲಿವೆ. ಅಲ್ಲಿ ಪೂನಿಕ ಎಂದರೆ ಪ್ರಯತ್ನ, ಉದ್ಯಮ. ಹೀಗೆ ಒಂದೇ ಬೇರಿನಿಂದ ನೊಗ, ಶಪಥ, ಒಡವೆ, ಬೀಗ, ಉದ್ಯಮ ಎಂಬ ಐದು ಕೊಂಬೆಗಳು ಒಡೆದಿವೆ. ಮೂರು ವರ್ಷ, ಐದು ವರ್ಷ, ಹದಿನೈದು ವರ್ಷ ಹಣ ತೆಗೆಯುವಂತಿಲ್ಲ ಎನ್ನುವಾಗ ಬ್ಯಾಂಕಿನವರು ಬಳಸುವ ‘ಲಾಕ್ ಇನ್’ ಎಂಬ ಮಾತನ್ನು ನಾವು ಹೊಸದೆಂದು ತಿಳಿದಿದ್ದೇವೆ; ಹೂಡಿಕೆಯ ರಕ್ತದಲ್ಲಿ ಬೀಗ ಮೊದಲಿನಿಂದಲೂ ಇತ್ತು, ತಮಿಳರು ಅದನ್ನು ಬಾಗಿಲಲ್ಲಿ ತೂಗಿಹಾಕಿದರು, ನಾವು ಹೊಲದಲ್ಲಿ ಮರೆತೆವು.

ಸಂಸ್ಕೃತದ ಕಡೆಯಿಂದಲೂ ಒಂದು ನೊಗ ಬಂದು ಇದರ ಪಕ್ಕದಲ್ಲಿ ನಿಂತಿದೆ. ಯುಜ್ ಧಾತು ಎಂದರೆ ಕೂಡಿಸು, ಹೂಡು. ಅದರಿಂದ ಯೋಗ, ಯುಕ್ತಿ, ಯುಗಳ, ಯುಗ್ಮ, ಪ್ರಯೋಗ, ಉದ್ಯೋಗ, ನಿಯೋಗ. ಯುಗ ಎಂದರೆ ಮೊದಲಿಗೆ ನೊಗವೇ. ನಮ್ಮ ನೊಗವನ್ನು ಅದರ ತದ್ಭವವೆಂದು ಗುರುತಿಸುವ ವಾಡಿಕೆಯಿದೆ. ಎರಡು ಎತ್ತುಗಳ ಜೋಡಿಯಿಂದ ತಲೆಮಾರಿನ ಅರ್ಥಕ್ಕೂ, ಅಲ್ಲಿಂದ ಕೃತ ತ್ರೇತಾ ದ್ವಾಪರಗಳ ಮಹಾಕಾಲಕ್ಕೂ ಆ ಪದ ಏರಿತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯ ದಿನ ಎತ್ತುಗಳನ್ನು ಸಿಂಗರಿಸಿ ವರ್ಷದ ಮೊದಲ ಉಳುಮೆಯಾಗಿ ಹೊನ್ನಾರು ಹೂಡುವುದನ್ನು, ತಮಿಳುನಾಡಿನಲ್ಲಿ ಚಿತ್ತಿರೈ ತಿಂಗಳ ಮೊದಲಿಗೆ ‘ಪೊನ್ನೇರ್ ಪೂಟ್ಟುದಲ್’ ಮಾಡುವುದನ್ನು ನಾವು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು: ಹೊನ್ನು–ಪೊನ್, ಆರು–ಏರ್, ಹೂಡು–ಪೂಟ್ಟು, ಮೂರಕ್ಕೆ ಮೂರೂ ಒಂದೇ, ಯುಗದ ಆದಿಯಲ್ಲಿ ಯುಗವನ್ನು ಕಟ್ಟುವ ಶ್ಲೇಷೆ ನಮ್ಮ ಪಾಲಿನ ಹೆಚ್ಚಿನ ಲಾಭ. ಯುಜ್‌ನ ಇನ್ನಿಬ್ಬರು ಮಕ್ಕಳು ಹಣಕಾಸಿನಲ್ಲೇ ಕೆಲಸಕ್ಕಿದ್ದಾರೆ. ಯೋಜನೆ ಎಂಬುದು ಕೂಡಿಸುವ ಕ್ರಿಯೆ, ಒಮ್ಮೆ ಹೂಡಿ ಕ್ರಮಿಸುವ ದೂರದ ಅಳತೆ, ಈಗ ಸರ್ಕಾರದ ಸ್ಕೀಮು. ವಿನಿಯೋಗ ದೇವಸ್ಥಾನದಲ್ಲಿ ಪ್ರಸಾದ ಹಂಚುವುದಕ್ಕೂ ಮುಂಗಡಪತ್ರದಲ್ಲಿ ಹಣ ಬಳಸುವುದಕ್ಕೂ ನಿಂತಿತು. ‘ಹೂಡಿಕೆ ಯೋಜನೆ’ ಎನ್ನುವ ದಿನನಿತ್ಯದ ಜೋಡುನುಡಿಯಲ್ಲಿ ಕನ್ನಡದ ನೊಗವೊಂದು, ಸಂಸ್ಕೃತದ ನೊಗವೊಂದು ಹೆಗಲಿಗೆ ಹೆಗಲು ಕೊಟ್ಟಿವೆ.

ಇದೇ ಅರ್ಥಕ್ಕೆ ಉಳಿದವರು ಯಾವ ಚಿತ್ರ ಹಿಡಿದರು? ತೆಲುಗರು ಪೆಟ್ಟುಬಡಿ ಎಂದರು, ಪೆಟ್ಟು ಎಂದರೆ ಇಡು. ತಮಿಳರು ಮುದಲೀಡು ಎಂದರು, ಮೊದಲನ್ನು ಇಡುವುದು. ಮಲಯಾಳಿಗಳ ನಿಕ್ಷೇಪ ಕೆಳಗಿಟ್ಟದ್ದು. ಮರಾಠಿಯ ಗುಂತವಣೂಕ್ ಸಿಕ್ಕಿಹಾಕಿಕೊಳ್ಳುವುದರ ಕಡೆಯಿಂದ ಬಂದಿದೆ. ದಲಾಲ ಬೀದಿಯಿರುವ ಊರಿನ ಭಾಷೆ ಎಂದು ನಾವು ಮುಗುಳ್ನಗಬಹುದು. ಇಂಗ್ಲಿಷಿನ ಇನ್ವೆಸ್ಟ್ ಲ್ಯಾಟಿನ್ನಿನ ಬಟ್ಟೆಯಿಂದ ಹುಟ್ಟಿತು: ಉಡಿಸು, ಪದವಿಯ ನಿಲುವಂಗಿ ತೊಡಿಸು ಎಂಬಲ್ಲಿಂದ ಹೊರಟು, ಇಟಲಿಯ ವರ್ತಕರ ಕೈಯಲ್ಲಿ ಹಣಕ್ಕೆ ಹೊಸ ವೇಷ ತೊಡಿಸುವ ಅರ್ಥ ಪಡೆದು, 17ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ವ್ಯಾಪಾರದ ಮೂಲಕ ಇಂಗ್ಲಿಷಿನಲ್ಲಿ ನೆಲೆಯಾಯಿತು. ತೊಡುವ ಈ ಅರ್ಥ ತಮಿಳಿನ ಪೂಣ್‌ನಲ್ಲಿ ಇದ್ದದ್ದನ್ನು ಈಗತಾನೇ ಕಂಡೆವು. ಕನ್ನಡದಲ್ಲೂ ಅದು ಬೇರೆ ಬಾಗಿಲಿನಿಂದ ಒಳಬಂದಿದೆ: ಬಟ್ಟೆ ತೊಡು, ಬಾಣ ತೊಡು, ಪಣ ತೊಡು, ಕೆಲಸಕ್ಕೆ ತೊಡಗು, ಹಣ ತೊಡಗಿಸು. ರಕ್ತಸಂಬಂಧವಿಲ್ಲದ ಎರಡು ಭಾಷಾಕುಲಗಳು ಹೀಗೆ ಉಡುಗೆಯಿಂದ ಉದ್ಯಮಕ್ಕೆ ಒಂದೇ ಹಾದಿ ತುಳಿದದ್ದು ಕಾಕತಾಳೀಯ. ಆದರೆ ಮೈಗೆ ಅಂಟಿಸಿಕೊಳ್ಳದೆ ಯಾವುದನ್ನೂ ಆರಂಭಿಸಲಾಗದು ಎಂಬ ಅರಿವು ಎರಡರಲ್ಲೂ ಇದೆ.

ಹಣವನ್ನು ಹೂಡುವ ಮೊದಲು ನಮ್ಮ ಹಿರಿಯರು ಅದನ್ನು ಏನು ಮಾಡುತ್ತಿದ್ದರು? ಹೂಳುತ್ತಿದ್ದರು. ಹೂಳು ಬೇರೆ ಧಾತು, ಹಳೆಯ ರೂಪ ಪೂೞ್; ಕಿವಿಗೆ ಹತ್ತಿರ, ಕುಲಕ್ಕೆ ದೂರ. ವಿಜಯನಗರದ ಕಾಲದ ದಾನಶಾಸನಗಳಲ್ಲಿ ಎಣಿಸುವ ಅಷ್ಟಭೋಗಗಳ ತಲೆಯಲ್ಲೇ ನಿಧಿ, ನಿಕ್ಷೇಪಗಳಿವೆ. ಆಮೇಲೆ ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿ ಸಿಕ್ಕುವ ಕೊಪ್ಪರಿಗೆಯ ಹಕ್ಕನ್ನೂ ಬರೆದುಕೊಡಬೇಕಾದಷ್ಟು ಹೂಳುವ ರೂಢಿ ಇತ್ತೆಂದಾಯಿತು. ಹಣವನ್ನು ದುಡಿಸುವ ರೂಢಿಯೂ ಇತ್ತು. ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಕೆಲವು ಗದ್ಯಾಣಗಳನ್ನು ಇರಿಸಿ, ಅವುಗಳ ಬಡ್ಡಿಯಿಂದ ದಿನಕ್ಕೆ ಇಷ್ಟು ಹಾಲು ನಡೆಯಬೇಕೆಂದು ಗೊತ್ತುಮಾಡಿದ ಶಾಸನಗಳು ಶ್ರವಣಬೆಳಗೊಳದಲ್ಲಿವೆ. ವೃದ್ಧಿಯ ತದ್ಭವವಾದ ಬಡ್ಡಿ ಹೀಗೆ ದೇವರ ಸನ್ನಿಧಿಯಲ್ಲೇ ಬೆಳೆದ ಪದ. ಆದರೆ ಈ ದತ್ತಿಗಳಿಗೆ ಶಾಸನಕಾರರ ಮೆಚ್ಚಿನ ಕ್ರಿಯಾಪದ ಬಿಡು: ‘ಬಿಟ್ಟ ದತ್ತಿ’. ದಾನಿಯ ಹಣ ಅವನ ಕೈಯಿಂದ ಬಿಟ್ಟಿತು, ಮರಳುವುದಿಲ್ಲ, ಫಲ ದೇವರದು. ಹೂಡಿದ ಎತ್ತು ಮಾತ್ರ ಸಂಜೆಗೆ ಕೊಟ್ಟಿಗೆಗೆ ಬರಬೇಕು. ಬಿಟ್ಟದ್ದಕ್ಕೂ ಹೂಡಿದ್ದಕ್ಕೂ ಇರುವ ಈ ಅಂತರವೇ ದಾನಕ್ಕೂ ಹೂಡಿಕೆಗೂ ಇರುವ ಅಂತರ.

ಇನ್ನು ತೆರಿಗೆಯ ಕಡೆ. ತೆರು ಎಂಬುದರ ಹಳೆಯ ರೂಪ ತೆಱು, ಶಕಟರೇಫದ್ದು; ತೆಱೆ ಎಂದರೆ ಕಪ್ಪ, ತಮಿಳಿನ ತಿಱೈ ಅದರ ಒಡಹುಟ್ಟು. ಬೆಲೆ ತೆರು, ದಂಡ ತೆರು, ಪ್ರಾಣ ತೆರು ಎಂಬಲ್ಲೆಲ್ಲ ಸ್ವಲ್ಪ ನೋವು ಇದ್ದೇ ಇದೆ. ಈ ನೋವಿನಿಂದ ಬಿಡುಗಡೆ ಪಡೆದ ಭೂಮಿಗೆ ನಮ್ಮ ಶಾಸನಗಳು ಎಂಥ ಗೌರವದ ಹೆಸರಿಟ್ಟವು ನೋಡಿ: ಮಾನ್ಯ, ಸರ್ವಮಾನ್ಯ, ಸರ್ವನಮಸ್ಯ. ಇಂದು ಸರ್ವಮಾನ್ಯ ಎಂದರೆ ಎಲ್ಲರೂ ಒಪ್ಪಿದ್ದು, ಮಾನ್ಯರೇ ಎಂದರೆ ಅರ್ಜಿಯ ತಲೆಬರಹ. ಅಂದು ಸರ್ವಮಾನ್ಯವೆಂದರೆ ಎಲ್ಲ ತೆರಿಗೆಗಳಿಂದ ಮುಕ್ತವಾದ ನೆಲ. ಉಣ್ ಧಾತುವಿನಿಂದ ಬಂದ ಉಂಬಳಿ, ಕೊಡು ಧಾತುವಿನಿಂದ ಬಂದ ಕೊಡಗೆ ಈ ಮನೆತನದವೇ. ಆದರೆ ಬಹುಮಟ್ಟಿಗೆ ಇವು ಬಿಟ್ಟಿ ಬಂದ ಮಾನ್ಯಗಳಾಗಿರಲಿಲ್ಲ. ಕೆರೆ ಕಟ್ಟಿಸಿ ಕಾಯ್ದುಕೊಂಡು ಬರುವವನಿಗೆ ಕಟ್ಟುಗೊಡಗೆ, ಊರಿಗಾಗಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ. ತೆರಿಗೆ ಬಿಟ್ಟ ಅರಸು ಅದರ ಬದಲಿಗೆ ಒಂದು ನೊಗವನ್ನು ಹೆಗಲಿಗೆ ಇಡುತ್ತಿದ್ದ. ಆಚಂದ್ರಾರ್ಕ, ಅಂದರೆ ಸೂರ್ಯಚಂದ್ರರಿರುವವರೆಗೆ ಸಲ್ಲಬೇಕೆಂದು ಬರೆಸಿದ ಮಾನ್ಯಗಳು ಕೂಡ ಕಾನೂನಿನ ಮುಂದೆ ನಿಲ್ಲಲಿಲ್ಲ. 1954ರ ಮೈಸೂರು ಇನಾಂ ರದ್ದತಿ ಕಾಯಿದೆಯಂಥವು ಅವನ್ನು ಮುಗಿಸಿದವು. ಈ ಎರಡು ಪಾಠಗಳನ್ನು, ಅಂದರೆ ಮಾನ್ಯಕ್ಕೆ ಷರತ್ತು ಇರುತ್ತದೆ ಮತ್ತು ಮಾನ್ಯ ಶಾಶ್ವತವಲ್ಲ ಎಂಬುದನ್ನು, ಹಿಡಿದುಕೊಂಡೇ ನಾವು ಇಂದಿನ ಖಾತೆಗಳ ಕಡೆ ತಿರುಗಬೇಕು.

ಭಾರತದಲ್ಲಿ ಸರ್ವಮಾನ್ಯಕ್ಕೆ ಈಗಿನ ಹೆಸರು ‘ಇ-ಇ-ಇ’: ಕಟ್ಟುವಾಗ ಆ ಮೊತ್ತಕ್ಕೆ ತೆರಿಗೆಯ ಕಡಿತ, ಬೆಳೆಯುವಾಗ ಬಡ್ಡಿಗೆ ತೆರಿಗೆಯಿಲ್ಲ, ಕೈಗೆ ಬರುವಾಗ ಮೊತ್ತಕ್ಕೂ ಇಲ್ಲ. ಈ ಮೂರೂ ಒಟ್ಟಿಗೆ ಇರುವ ಖಾತೆಗಳು ಕೆಲವೇ. 1968ರಲ್ಲಿ ಶುರುವಾದ ಸಾರ್ವಜನಿಕ ಭವಿಷ್ಯನಿಧಿ, ಜನರ ಬಾಯಲ್ಲಿ ಪಿಪಿಎಫ್, ಅವುಗಳಲ್ಲೊಂದು. ನೌಕರರ ಭವಿಷ್ಯನಿಧಿ ಸಂಬಳದಲ್ಲೇ ಮುರಿದುಕೊಳ್ಳುವಂಥದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ 2015ರ ಜನವರಿಯಲ್ಲಿ ಬಂದದ್ದು. ಅರ್ಧಮಾನ್ಯಗಳು ಇನ್ನೂ ಹಲವು: ಐದು ವರ್ಷದ ತೆರಿಗೆ ಉಳಿತಾಯದ ಠೇವಣಿಗೆ ಕಟ್ಟುವಾಗ ಕಡಿತ ಉಂಟು, ಬಡ್ಡಿಗೆ ತೆರಿಗೆಯೂ ಉಂಟು; ಷೇರುಪೇಟೆಗೆ ಹೋಗುವ ಇಎಲ್‌ಎಸ್‌ಎಸ್ ಮ್ಯೂಚುವಲ್ ಫಂಡಿಗೆ ಕಟ್ಟುವಾಗ ಕಡಿತ, ಆದರೆ ಮಾರಿದಾಗ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ. ಇವನ್ನೆಲ್ಲ ‘ಟ್ಯಾಕ್ಸ್ ಸೇವಿಂಗ್’ ಎಂಬ ಒಂದೇ ಮೂಟೆಯಲ್ಲಿ ಕಟ್ಟಿ ಮಾರ್ಚ್ ತಿಂಗಳಲ್ಲಿ ಮಾರುವುದರಿಂದ, ತೆರಿಗೆ ಉಳಿಸುವುದು ಮತ್ತು ತೆರಿಗೆ ಇಲ್ಲದಿರುವುದು ಎರಡೂ ಒಂದೇ ಎಂಬ ಭ್ರಮೆ ಹುಟ್ಟಿದೆ. ಮೊದಲನೆಯದು ಈ ವರ್ಷದ ಲೆಕ್ಕ. ಎರಡನೆಯದು ಮರಳಿ ಬರುವ ದಿನದ ಲೆಕ್ಕ.

ಧಾತುವಿನ ಬುದ್ಧಿವಾದ ಕೇಳಿದರೆ ಇವನ್ನು ತೆರಿಗೆಯ ಕ್ರಮದಲ್ಲಿ ಜೋಡಿಸುವುದಕ್ಕಿಂತ ನೊಗದ ಉದ್ದದ ಕ್ರಮದಲ್ಲಿ ಜೋಡಿಸುವುದು ಮೇಲು. ಇಎಲ್‌ಎಸ್‌ಎಸ್‌ಗೆ ಮೂರು ವರ್ಷ, ಅದೂ ತಿಂಗಳ ಕಂತಿನಲ್ಲಿ ಕಟ್ಟಿದರೆ ಪ್ರತಿ ಕಂತಿಗೂ ಪ್ರತ್ಯೇಕ ಮೂರು ವರ್ಷ; ತೆರಿಗೆ ಉಳಿತಾಯದ ಠೇವಣಿಗೆ ಐದು; ಪಿಪಿಎಫ್‌ಗೆ ಹದಿನೈದು; ಸುಕನ್ಯಾ ಖಾತೆಗೆ ತೆರೆದ ದಿನದಿಂದ ಇಪ್ಪತ್ತೊಂದು, ಕಟ್ಟುವುದು ಮೊದಲ ಹದಿನೈದು ವರ್ಷ ಮಾತ್ರ. ಬ್ರಿಟನ್ನಿನಲ್ಲಿ 1999ರಿಂದ ಇರುವ ಐಎಸ್‌ಎ, ಕೆನಡಾದಲ್ಲಿ 2009ರಿಂದ ಇರುವ ಟಿಎಫ್‌ಎಸ್‌ಎ ಎಂಬ ತೆರಿಗೆಯಿಲ್ಲದ ಖಾತೆಗಳಿಂದ ಸಾಮಾನ್ಯವಾಗಿ ಬೇಕೆಂದಾಗ ಹಣ ತೆಗೆಯಬಹುದು. ಅಲ್ಲಿ ನೆಲೆಸಿದ ನೆಂಟರ ಸಲಹೆ ಇಲ್ಲಿ ಹಾಗೆಹಾಗೇ ಹೊಂದದಿರುವುದು ಇದಕ್ಕೇ. ನಮ್ಮಲ್ಲಿ ಮಾನ್ಯ ಮತ್ತು ಬೀಗ ಜೋಡಿಯಾಗಿಯೇ ಬರುತ್ತವೆ.

ಪಿಪಿಎಫ್ ಎಂಬ ನೊಗವನ್ನೇ ಹತ್ತಿರದಿಂದ ನೋಡೋಣ, ಹೊಸಬರು ಮೊದಲು ಎದುರಾಗುವುದು ಅದನ್ನೇ. ಆರ್ಥಿಕ ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ 1,50,000; ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ತೆರೆಯಬಹುದು, ಒಬ್ಬರಿಗೆ ಒಂದೇ. ಹದಿನೈದು ವರ್ಷದ ಎಣಿಕೆ ಖಾತೆ ತೆರೆದ ದಿನದಿಂದ ಹಿಡಿಯುವುದಿಲ್ಲ, ಆ ಆರ್ಥಿಕ ವರ್ಷದ ಕೊನೆಯಿಂದ ಹಿಡಿಯುತ್ತದೆ. ಹಾಗಾಗಿ 2026ರ ಮಾರ್ಚ್‌ನಲ್ಲಿ ಐನೂರೇ ರೂಪಾಯಿ ಕಟ್ಟಿ ತೆರೆದ ಖಾತೆಯ ಅವಧಿ 2041ರ ಮಾರ್ಚ್ 31ಕ್ಕೆ ತುಂಬಿದರೆ, ಕೆಲವೇ ದಿನ ತಡವಾಗಿ ಏಪ್ರಿಲ್‌ನಲ್ಲಿ ತೆರೆದದ್ದು 2042ರ ಮಾರ್ಚ್ 31ರವರೆಗೆ ನೊಗದಲ್ಲಿರುತ್ತದೆ. ತಿಂಗಳ 5ನೆಯ ತಾರೀಖು ಮುಗಿದ ಹೊತ್ತಿನಿಂದ ತಿಂಗಳ ಕೊನೆಯವರೆಗೆ ಇದ್ದ ಕನಿಷ್ಠ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುವುದರಿಂದ 5ರೊಳಗೆ ಕಟ್ಟಿದವರಿಗೆ ಆ ತಿಂಗಳ ಬಡ್ಡಿ ಸಿಕ್ಕುತ್ತದೆ, 6ಕ್ಕೆ ಕಟ್ಟಿದವರಿಗೆ ಇಲ್ಲ. ವರ್ಷದ ಮೊತ್ತವನ್ನು ಒಂದೇ ಸಲ ಕಟ್ಟುವವರಿಗೆ ಏಪ್ರಿಲ್ 5ರೊಳಗೆ ಒಳ್ಳೆಯ ಹೊತ್ತು. ಮೂರನೆಯ ವರ್ಷದಿಂದ ಆರನೆಯ ವರ್ಷದವರೆಗೆ ಸಾಲ ಪಡೆಯಬಹುದು, ಏಳನೆಯ ವರ್ಷದಿಂದ ವರ್ಷಕ್ಕೊಮ್ಮೆ ಒಂದು ಮಿತಿಯೊಳಗೆ ತೆಗೆಯಬಹುದು. ಗಂಭೀರ ಕಾಯಿಲೆ, ಉನ್ನತ ಶಿಕ್ಷಣದಂಥ ಕಾರಣಗಳಿಗೆ ಐದು ವರ್ಷ ಕಳೆದ ಮೇಲೆ ಶೇ 1ರಷ್ಟು ಬಡ್ಡಿ ಬಿಟ್ಟುಕೊಟ್ಟು ಮುಚ್ಚಲೂಬಹುದು. ವರ್ಷದ ಕನಿಷ್ಠವನ್ನು ಕಟ್ಟದೆ ನಿಂತುಹೋದ ಖಾತೆಯನ್ನು ತಪ್ಪಿದ ಪ್ರತಿ ವರ್ಷಕ್ಕೆ 500ರ ಜೊತೆ 50 ರೂಪಾಯಿ ದಂಡ ತೆತ್ತು ಮತ್ತೆ ಹೂಡಬಹುದು. ಹದಿನೈದು ತುಂಬಿದ ಮೇಲೂ ಐದೈದು ವರ್ಷ ಮುಂದುವರಿಸಬಹುದು.

ಬಡ್ಡಿದರವನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 1990ರ ದಶಕದಲ್ಲಿ ಶೇ 12 ಇದ್ದದ್ದು ಇಳಿಯುತ್ತ ಬಂದು, 2020ರ ಏಪ್ರಿಲ್‌ನಲ್ಲಿ ಶೇ 7.9ರಿಂದ 7.1ಕ್ಕೆ ಕುಸಿದು, ಐದು ವರ್ಷ ಕಳೆದರೂ ಅಲ್ಲೇ ನಿಂತಿತ್ತು. ಶೇ 7.1 ಹದಿನೈದು ವರ್ಷವೂ ಹಾಗೇ ಇದೆ ಎಂದುಕೊಂಡು ಪ್ರತಿ ಏಪ್ರಿಲ್ ಮೊದಲಲ್ಲಿ 12,000 ರೂಪಾಯಿ ಕಟ್ಟಿದರೆ, ಕಟ್ಟಿದ 1,80,000 ಕೊನೆಗೆ ಸುಮಾರು 3,25,000 ಆಗಿ ಕೈಗೆ ಬರುತ್ತದೆ, ಅಷ್ಟೂ ತೆರಿಗೆಯಿಲ್ಲದೆ. ಗಮನಿಸಬೇಕಾದ್ದು ಇದು: ಇಲ್ಲಿ ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಹಣ, ಇನ್ನೊಂದು ಕಾಲ. ಬೆಳೆದ 1,45,000ದಲ್ಲಿ ದೊಡ್ಡ ಪಾಲು ಎಳೆದದ್ದು ಮೊದಮೊದಲ ಕಂತುಗಳು, ಏಕೆಂದರೆ ಅವು ಹೆಚ್ಚು ಕಾಲ ನೊಗದಲ್ಲಿದ್ದವು.

ಮಾನ್ಯ ಶಾಶ್ವತವಲ್ಲ ಎಂಬ ಶಾಸನಪಾಠವೂ ಇಲ್ಲಿ ಸಲ್ಲುತ್ತದೆ. ಷೇರಿನ ದೀರ್ಘಾವಧಿ ಲಾಭ 2004ರಿಂದ ತೆರಿಗೆಮುಕ್ತವಾಗಿತ್ತು, 2018ರಲ್ಲಿ ಅದು ಮುಗಿಯಿತು. ನೌಕರರ ಭವಿಷ್ಯನಿಧಿಗೆ ವರ್ಷಕ್ಕೆ 2.5 ಲಕ್ಷ ಮೀರಿ ನೌಕರ ಕಟ್ಟುವ ಪಾಲಿನ ಬಡ್ಡಿಗೆ 2021ರ ಏಪ್ರಿಲ್‌ನಿಂದ ತೆರಿಗೆ ಬಂತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿ. 2023–24ರಿಂದ, ಬೇಡವೆಂದು ಹೇಳದಿದ್ದರೆ ಎಲ್ಲರೂ ಅದರಲ್ಲೇ. ಜನ ‘ಎಂಬತ್ತು ಸಿ’ ಎಂದು ಕರೆಯುವ 1.5 ಲಕ್ಷದ ಕಡಿತ ಆ ಪದ್ಧತಿಯಲ್ಲಿಲ್ಲ. ಅಂದರೆ ಮೂರು ‘ಇ’ಗಳಲ್ಲಿ ಮೊದಲನೆಯದು ಬಹಳ ಮಂದಿ ಹೊಸ ಸಂಬಳದಾರರಿಗೆ ಈಗಾಗಲೇ ಕಳಚಿಹೋಗಿದೆ, ಪಿಪಿಎಫ್ ಮತ್ತು ಸುಕನ್ಯಾ ಖಾತೆಗಳಲ್ಲಿ ಬಡ್ಡಿಯ ಮತ್ತು ಮರಳುವ ಮೊತ್ತದ ವಿನಾಯಿತಿ ಮಾತ್ರ ಉಳಿದಿದೆ. ಕಡಿತವೇ ಇಲ್ಲದವರು ಕಡಿತದ ಆಸೆಗೆ ಮಾರ್ಚ್ ಕೊನೆಯ ವಾರ ಯಾವುದೋ ವಿಮಾ ಪಾಲಿಸಿಗೆ ಸಹಿ ಹಾಕುವುದು ಎತ್ತಿಲ್ಲದೆ ನೊಗ ಹೊತ್ತಂತೆ.

ಹಾಗಾದರೆ ಯಾವ ಖಾತೆ? ಈ ಧಾತುವಿನ ಬುದ್ಧಿ ಹಿಡಿದು ನಾನು ಕೊಡುವ ತೀರ್ಪು ಹೀಗೆ. ಕೆಲಸ ಹೋದರೂ ಕಾಯಿಲೆ ಬಂದರೂ ಆರು ತಿಂಗಳು ಮನೆ ನಡೆಸುವಷ್ಟನ್ನು ಹೂಡಲೇಬೇಡಿ. ಸಾಮಾನ್ಯ ಉಳಿತಾಯ ಖಾತೆಯಲ್ಲೋ ಸಣ್ಣ ಅವಧಿಯ ಠೇವಣಿಯಲ್ಲೋ ಇರಲಿ, ಅದಕ್ಕೆ ತೆರಿಗೆ ಬಂದರೂ ಚಿಂತೆಯಿಲ್ಲ. ಎರಡನೆಯದಾಗಿ, ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅದಾದ ಮೇಲೆ ಹದಿನೈದು ವರ್ಷ ಬೇಕಾಗದ ಹಣವಿದ್ದರೆ ಪಿಪಿಎಫ್ ತೆರೆಯಿರಿ. ಹತ್ತರೊಳಗಿನ ಮಗಳಿದ್ದರೆ, 2024ರ ಜನವರಿಯಿಂದ ಶೇ 8.2 ದರವಿರುವ ಸುಕನ್ಯಾ ಖಾತೆಯನ್ನು ಮೊದಲು ನೋಡಿ. ಪೇಟೆಯ ಏರಿಳಿತ ಸಹಿಸುವವರು ಇಎಲ್‌ಎಸ್‌ಎಸ್‌ಗೆ ಹೋಗಬಹುದು, ಆದರೆ ಅದನ್ನು ತೆರಿಗೆಯಿಲ್ಲದ್ದೆಂದು ತಿಳಿದು ಹೋಗಬೇಡಿ. ಖಾತೆಯ ಅರ್ಜಿ ತುಂಬುವ ಮೊದಲು ಎದುರಿಗೆ ಕೂತವರನ್ನು ‘ತೆರಿಗೆ ಎಷ್ಟು ಉಳಿಯುತ್ತದೆ’ ಎಂದು ಕೇಳುವುದು ಎರಡನೆಯ ಪ್ರಶ್ನೆಯಾಗಲಿ. ‘ಹೂಡಿದ್ದನ್ನು ಬಿಡುವುದು ಯಾವಾಗ’ ಎಂಬುದು ಮೊದಲನೆಯದು. ಅದಕ್ಕೆ ವರ್ಷ, ತಿಂಗಳು, ತಾರೀಖಿನ ಸಮೇತ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.